ವೇದತ್ರಯ ವಿಚಾರ ಮತ್ತು ಯಶೋಧರನ ಮೌನ

ಚಿಕ್ಕೋಡಿ ತಾಲೂಕಿನ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಹಸ್ತಪ್ರತಿಶಾಸ್ತ್ರಕ್ಕೆ ಸಲ್ಲಿಸಿದ ಸೇವೆಯಲ್ಲಿ ಗೊಮ್ಮಟಸಾರದ ಟೀಕೆಗಳನ್ನು ಕುರಿತ ನಿರ್ಣಯವು ಮುಖ್ಯವಾದುದು. ‘ಜೀವತತ್ತ್ವಪ್ರದೀಪಿಕೆ’ ಎಂಬ ಸಂಸ್ಕೃತ ಟೀಕೆಯನ್ನು ಕೇಶವವರ್ಣಿಯದೆಂದು ಬಹುಕಾಲ ನಂಬಲಾಗಿತ್ತು. ಅದು ಕೇಶವವರ್ಣಿಯದಲ್ಲ, ಈಚಿನ ನೇಮಿಚಂದ್ರನೆಂಬವನದು, ಕೇಶವವರ್ಣಿಯು ಕ್ರಿ.ಶ. 1359ರಲ್ಲಿ ರಚಿಸಿದ ಕನ್ನಡ ವೃತ್ತಿಯೇ ಅದಕ್ಕೆ ಆಧಾರವೆಂದು ಉಪಾಧ್ಯೆಯವರು ಸಿದ್ಧಪಡಿಸಿದರು. ಕರ್ಮಸಿದ್ಧಾಂತದಂತಹ ಕಠಿಣ ಶಾಸ್ತ್ರವನ್ನು ಕನ್ನಡದಲ್ಲಿ ಮೊದಲು ವಿವರಿಸಿ, ಬಳಿಕ ಸಂಸ್ಕೃತಕ್ಕೆ ತಂದ ಈ ಕ್ರಮವು ನಮ್ಮ ವಾಙ್ಮಯದ ಚರಿತ್ರೆಯಲ್ಲಿ ಅಪೂರ್ವ. ಆ ಕನ್ನಡ ವೃತ್ತಿಯು ಉಪಾಧ್ಯೆಯವರ ನಿಧನಾನಂತರ, 1978ರಿಂದ ಭಾರತೀಯ ಜ್ಞಾನಪೀಠದ ಮೂಲಕ ಪ್ರಕಟವಾಯಿತು. ಆದರೆ ಈ ವೃತ್ತಿಯ ಭಾಷೆಯ ವಿಷಯವಾಗಿ ನಡೆದಷ್ಟು ಚರ್ಚೆ ಅದರೊಳಗಿನ ಒಂದು ಪ್ರಕರಣದ ವಿಷಯವಾಗಿ ನಡೆದಿಲ್ಲ. ಅದು ಜೀವಕಾಂಡದ ವೇದಮಾರ್ಗಣೆ. ಸ್ತ್ರೀಪುರುಷರ ಕಾಮವು ಒಂದೇ ಬಗೆಯದೋ ಬೇರೆಬೇರೆಯೋ, ಅದರ ತೃಪ್ತಿ ಹೇಗೆ, ಮರೆಮಾಚುವ ಸ್ವಭಾವವು ಯಾರದು ಎಂಬ ಪ್ರಶ್ನೆಗಳು ಅಲ್ಲಿ ಎದ್ದುಬರುತ್ತವೆ. ಸಂಕೋಚದಿಂದ ಪಂಡಿತರು ಬೇಗ ದಾಟಿಹೋಗುವ ಗಾಥೆಗಳಿವು.

ಇಲ್ಲಿ ‘ವೇದ’ವೆಂದರೆ ಶ್ರುತಿಯಲ್ಲ. ಅನುಭವಿಸಲ್ಪಡುವುದು ವೇದ. ಚಾರಿತ್ರಮೋಹನೀಯ ಕರ್ಮದ ಭೇದವಾದ ನೋಕಷಾಯಗಳು ಒಂಬತ್ತು. ಅವುಗಳಲ್ಲಿ ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂಬ ಮೂರು ಕಾಮಸಂಬಂಧಿಯಾದವು. ಇವುಗಳ ಉದಯದಿಂದ ಜೀವನಲ್ಲಿ ರಮಿಸುವ ಇಚ್ಛೆ ಹುಟ್ಟುತ್ತದೆ. ಈ ಮೂರರ ಸ್ವರೂಪವನ್ನು ತಿಳಿಸಲು ಪೂರ್ವಾಚಾರ್ಯರು ಮೂರು ಬೆಂಕಿಗಳ ಉಪಮಾನವನ್ನು ಕೊಟ್ಟಿದ್ದಾರೆ. ಪುರುಷನದು ತೃಣಾಗ್ನಿ, ಹುಲ್ಲಿನ ಬೆಂಕಿ. ಸ್ತ್ರೀಯದು ಕಾರೀಷಾಗ್ನಿ, ಒಣಗಿದ ಸಗಣಿಯ ಬೆಂಕಿ. ನಪುಂಸಕನದು ಇಟ್ಟಿಗೆಯ ಆವಿಗೆಯ ಬೆಂಕಿ. ಶ್ವೇತಾಂಬರ ಕರ್ಮಗ್ರಂಥಗಳಲ್ಲಿ ಮೂರನೆಯದಕ್ಕೆ ನಗರದಾಹದ ಉಪಮೆಯಿದೆ; ಮೊದಲಿನ ಎರಡರಲ್ಲಿ ಉಭಯ ಸಂಪ್ರದಾಯಗಳಿಗೂ ಭೇದವಿಲ್ಲ. ಉಪಮೆಯು ಎರಡು ಪಂಥಗಳೂ ಕವಲೊಡೆಯುವ ಮೊದಲಿನಷ್ಟು ಹಳೆಯದಿರಬಹುದೆಂಬುದಕ್ಕೆ ಇದೊಂದು ಸೂಚನೆ.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಕುಳ್ಳು ತಟ್ಟಿ ಒಲೆಯುರಿಸಿದ ಮನೆಗಳಲ್ಲಿ ಬೆಳೆದವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲು ಕಿಡಿ ತಗುಲಿದೊಡನೆ ಭುಗಿಲೆಂದು ಹೊತ್ತಿ, ನೋಡುನೋಡುತ್ತಿರುವಂತೆ ಬೂದಿಯಾಗುತ್ತದೆ. ಕುಳ್ಳು ಬೇಗ ಹೊತ್ತದು. ಹೊತ್ತಿದ ಮೇಲೆ ಬೇಗ ಆರದು. ಜ್ವಾಲೆ ಕಾಣದಿದ್ದರೂ ಒಳಗೆ ಕೆಂಡವಿರುತ್ತದೆ. ಮೇಲೆ ಬೂದಿ ಮುಚ್ಚಿದ್ದರೂ ಕೈಯಿಟ್ಟರೆ ಸುಡುತ್ತದೆ. ಟೀಕಾಕಾರರು ಬಹುಮಟ್ಟಿಗೆ ಇದನ್ನು ತೀವ್ರತೆಯ ಏರಿಕೆಯೆಂದೇ ಗ್ರಹಿಸಿದರು: ಪುರುಷನ ಕಾಮ ಮಂದ, ಸ್ತ್ರೀಯದು ಅಧಿಕ, ನಪುಂಸಕನದು ಅತ್ಯಧಿಕ. ಸ್ತ್ರೀಯು ತಣಿಯದವಳೆಂಬ ಲೋಕದ ಆಕ್ಷೇಪಕ್ಕೆ ಹೀಗೆ ಶಾಸ್ತ್ರದ ಬೆಂಬಲ ದೊರೆತಂತಾಯಿತು. ಆದರೆ ಉಪಮಾನವನ್ನು ನೇರವಾಗಿ ನೋಡಿದರೆ ಅದರಲ್ಲಿರುವುದು ಪ್ರಮಾಣಕ್ಕಿಂತ ಹೆಚ್ಚಾಗಿ ಕಾಲದ ಭೇದ. ಒಂದು ಬೇಗ ಹೊತ್ತಿ ಬೇಗ ಆರುವುದು, ಇನ್ನೊಂದು ನಿಧಾನವಾಗಿ ಹೊತ್ತಿ ನಿಧಾನವಾಗಿ ಆರುವುದು. ಹುಲ್ಲಿನ ಬೆಂಕಿ ಆರಿದಾಗ ಕುಳ್ಳು ಇನ್ನೂ ಹೊತ್ತಿಕೊಳ್ಳುತ್ತಿರಬಹುದೆಂಬ ಅರ್ಥವೂ ಅದರಲ್ಲಡಗಿದೆ. ಒಂದೇ ಶಯ್ಯೆಯಲ್ಲಿ ಒಬ್ಬರು ತಣಿದು ನಿದ್ರಿಸಿದಾಗ ಇನ್ನೊಬ್ಬರು ಎಚ್ಚರವಾಗಿರುವುದನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳುವುದು ಕಷ್ಟ.

ಈ ಪ್ರಶ್ನೆಯನ್ನು ಕಾಮಶಾಸ್ತ್ರಕಾರರೂ ಚರ್ಚಿಸಿದ್ದಾರೆ. ವಾತ್ಸ್ಯಾಯನನು ತನ್ನ ಎರಡನೆಯ ಅಧಿಕರಣದ ಆರಂಭದಲ್ಲಿಯೇ ಪೂರ್ವಾಚಾರ್ಯರ ಮತಭೇದವನ್ನು ಎತ್ತಿಕೊಂಡಿದ್ದಾನೆ. ಸ್ತ್ರೀಗೆ ಪುರುಷನಂತೆ ತೃಪ್ತಿಯ ಕೊನೆಯೆಂಬುದಿಲ್ಲವೆಂದು ಔದ್ದಾಲಕಿಯ ಪಕ್ಷ. ಆಕೆಯ ಸುಖವು ಆದಿಯಿಂದ ಅಂತ್ಯದವರೆಗೆ ಎಡೆಬಿಡದೆ ಇರುವುದೆಂದು ಬಾಭ್ರವ್ಯನ ಶಿಷ್ಯರ ಪಕ್ಷ. ಇಬ್ಬರೂ ಮನುಷ್ಯರೇ ಆದುದರಿಂದ ಸುಖವು ಸಮಾನ, ವಿಧಾನ ಮಾತ್ರ ಬೇರೆಯೆಂಬುದು ವಾತ್ಸ್ಯಾಯನನ ನಿರ್ಣಯ. ಆದುದರಿಂದ ಸ್ತ್ರೀಯ ತೃಪ್ತಿಯನ್ನು ಮೊದಲು ನೋಡಿಕೊಳ್ಳಬೇಕೆಂದು ಆತನು ಪುರುಷನಿಗೆ ಹೇಳುತ್ತಾನೆ. ಜೈನ ಕವಿಗಳಿಗೆ ಈ ಶಾಸ್ತ್ರ ಅಪರಿಚಿತವಾಗಿರಲಿಲ್ಲ; ಯಶೋಧರ ಚರಿತೆಯನ್ನು ಬರೆದ ಜನ್ನನ ಹೆಸರಿನಲ್ಲಿಯೇ ‘ಅನುಭವಮುಕುರ’ವೆಂಬ ಕಾಮಶಾಸ್ತ್ರ ಕೃತಿಯೊಂದು ಪರಂಪರೆಯಲ್ಲಿದೆ. ಆದರೆ ಆಗಮದ ದೃಷ್ಟಿ ಬೇರೆ. ಕಾಮಶಾಸ್ತ್ರಕ್ಕೆ ಅದು ಸುಖ. ಆಗಮಕ್ಕೆ ಅದು ವೇದನೆ. ಜೀವಕಾಂಡದ 276ನೆಯ ಗಾಥೆಯಲ್ಲಿ ವೇದರಹಿತರಾದ ಜೀವರನ್ನು ಈ ಮೂರೂ ಬೆಂಕಿಗಳಂತಿರುವ ಪರಿಣಾಮಗಳ ವೇದನೆಯಿಂದ ಬಿಡುಗಡೆ ಹೊಂದಿದವರೆಂದು ವರ್ಣಿಸಲಾಗಿದೆ. ಮೂರೂ ಸುಡುವ ಬೆಂಕಿಗಳೇ. ಹುಲ್ಲಿನ ಬೆಂಕಿಯವನು ಮೇಲು, ಕುಳ್ಳಿನ ಬೆಂಕಿಯವಳು ಕೀಳೆಂಬ ತಾರತಮ್ಯ ಆ ಗಾಥೆಯಲ್ಲಿಲ್ಲ.

ತಾರತಮ್ಯವಿರುವುದು ಅದಕ್ಕೆ ಹಿಂದಿನ ಗಾಥೆಗಳಲ್ಲಿ. ಅಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಚೀನ ಸಂಗ್ರಹಗಾಥೆಗಳನ್ನು ಅನುಸರಿಸಿ ಶಬ್ದಗಳ ನಿರುಕ್ತಿಯನ್ನು ಕೊಡುತ್ತಾನೆ. ಉತ್ತಮ ಗುಣಗಳಿಗೆ ಒಡೆಯನಾದುದರಿಂದ ಪುರುಷನು ಪುರುಷ. ತನ್ನನ್ನೂ ಪರರನ್ನೂ ದೋಷಗಳಿಂದ ಮುಚ್ಚುವುದರಿಂದ ಸ್ತ್ರೀಯು ಸ್ತ್ರೀ. ಮುಚ್ಚುವುದು, ಆಚ್ಛಾದಿಸುವುದು ಎಂಬುದೇ ಆ ಹೆಸರಿನ ಮೂಲವೆಂದು ನಿರುಕ್ತಿಕಾರರ ಅಭಿಮತ. ಇದು ವ್ಯಾಕರಣದ ವ್ಯುತ್ಪತ್ತಿಯಲ್ಲ, ಅಭಿಪ್ರಾಯವನ್ನು ಶಬ್ದಕ್ಕೆ ಹೊದಿಸಿದ ನಿರುಕ್ತಿ. ಕುಳ್ಳಿನ ಬೆಂಕಿಯ ಮೇಲಣ ಬೂದಿಯೂ ಈ ನಿರುಕ್ತಿಯ ಮುಚ್ಚಿಗೆಯೂ ಸೇರಿ ಒಂದು ಚಿತ್ರವಾದವು: ಸ್ತ್ರೀಯ ಕಾಮವು ಹೆಚ್ಚು, ಮತ್ತು ಅದು ಮರೆಯಾದುದು, ಆದುದರಿಂದ ಸ್ತ್ರೀಯು ಮಾಯಾವಿನಿ. ಮುಂದಿನ ಕಥಾಸಾಹಿತ್ಯವೆಲ್ಲ ಬಹುಮಟ್ಟಿಗೆ ಈ ಚಿತ್ರದ ವಿಸ್ತಾರವೇ.

ಆದರೆ ಇದಕ್ಕೂ ಹಿಂದಿನ ಪೂಜ್ಯಪಾದನ ಸರ್ವಾರ್ಥಸಿದ್ಧಿಯನ್ನು ತೆರೆದರೆ ಅದೇ ಸಂಬಂಧ ತಲೆಕೆಳಗಾಗಿ ಕಾಣುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ 14ನೆಯ ಸೂತ್ರದ ವ್ಯಾಖ್ಯಾನದಲ್ಲಿ ಪೂಜ್ಯಪಾದನು ಒಂದೊಂದು ವೇದಕರ್ಮದ ಆಸ್ರವಕ್ಕೂ ಕಾರಣಗಳನ್ನು ಹೇಳುತ್ತಾನೆ. ಸುಳ್ಳಾಡುವ ಸ್ವಭಾವ, ವಂಚಿಸುವುದರಲ್ಲಿ ತತ್ಪರತೆ, ಪರರ ಹುಳುಕನ್ನು ಹುಡುಕುವುದು, ಬೆಳೆದ ರಾಗ: ಇವು ಸ್ತ್ರೀವೇದಕ್ಕೆ ಕಾರಣ. ಅಲ್ಪವಾದ ಕ್ರೋಧ, ಆತುರವಿಲ್ಲದಿರುವಿಕೆ, ತನ್ನ ಹೆಂಡತಿಯಲ್ಲಿಯೇ ಸಂತೋಷ: ಇವು ಪುರುಷವೇದಕ್ಕೆ ಕಾರಣ. ಸ್ತ್ರೀಗೆ ಇದು ಗೌರವದ ಮಾತಲ್ಲವೆಂಬುದು ಸ್ಪಷ್ಟ. ಆದರೂ ತರ್ಕದ ದಿಕ್ಕನ್ನು ಗಮನಿಸಬೇಕು. ಹೆಣ್ಣಾದುದರಿಂದ ಸುಳ್ಳಾಡುತ್ತಾಳೆಂದು ಪೂಜ್ಯಪಾದನು ಹೇಳುವುದಿಲ್ಲ. ಸುಳ್ಳಾಡಿದುದರಿಂದ ಆ ವೇದ ಬರುತ್ತದೆಂದು ಹೇಳುತ್ತಾನೆ. ಸುಳ್ಳಾಡುವಾಗ ಆ ಜೀವನು ಯಾವ ದೇಹದಲ್ಲಿದ್ದನು? ಗಂಡಸಿನ ದೇಹದಲ್ಲಿಯೂ ಇದ್ದಿರಬಹುದು. ಶ್ವೇತಾಂಬರರ ಮಲ್ಲಿಯ ಕಥೆಯಲ್ಲಿ ಇದೇ ಇದೆ: ಜೊತೆಯ ಮುನಿಗಳಿಗೆ ತಿಳಿಯದಂತೆ ಅಧಿಕ ಉಪವಾಸ ಮಾಡಿ ವಂಚಿಸಿದವನು ಮಹಾಬಲನೆಂಬ ಪುರುಷ, ಅದರ ಫಲವಾಗಿ ಸ್ತ್ರೀಜನ್ಮ. ದಿಗಂಬರರು ಆ ಕಥೆಯನ್ನು ಒಪ್ಪುವುದಿಲ್ಲ, ಮಲ್ಲಿನಾಥನು ಅವರಿಗೆ ಪುರುಷನೇ. ಆದರೆ ಮಾಯೆಯು ಲಿಂಗಕ್ಕೆ ಮುಂಚಿನದೆಂಬ ತತ್ತ್ವ ಉಭಯರಿಗೂ ಸಮಾನ. ದಂಪತಿಗಳ ನಡುವಿನ ಸತ್ಯಾಸತ್ಯವನ್ನು ಹೆಣ್ಣಿನ ಹುಟ್ಟುಗುಣಕ್ಕೆ ಕಟ್ಟಿಹಾಕಿ ವಿಚಾರವನ್ನು ಮುಗಿಸುವಂತಿಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಸೂಕ್ಷ್ಮವು ಜೀವಕಾಂಡದ 271ನೆಯ ಗಾಥೆಯಲ್ಲಿದೆ. ಭಾವದ ವೇದವು ಮೋಹನೀಯ ಕರ್ಮದಿಂದ, ದೇಹದ ಲಿಂಗವು ನಾಮಕರ್ಮದಿಂದ. ಇವೆರಡೂ ಪ್ರಾಯಶಃ ಒಂದೇ, ಕೆಲವೆಡೆ ವಿಷಮ. ಎಂದರೆ ಪುರುಷದೇಹದಲ್ಲಿ ಸ್ತ್ರೀವೇದ, ಸ್ತ್ರೀದೇಹದಲ್ಲಿ ಪುರುಷವೇದವಿರಬಹುದು. ಸಾವಿರ ವರ್ಷಗಳ ಹಿಂದೆ ದೇಹವನ್ನೂ ಇಚ್ಛೆಯನ್ನೂ ಬೇರ್ಪಡಿಸಿ ನೋಡಿದ ಈ ವಿವೇಚನೆಯು ಬರಿಯ ತರ್ಕವಾಗಿ ಉಳಿಯದೆ 20ನೆಯ ಶತಮಾನದಲ್ಲಿ ಹಸ್ತಪ್ರತಿಯೊಂದರ ಪಾಠನಿರ್ಣಯದ ಪ್ರಶ್ನೆಯಾಯಿತು. ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೀರಾಲಾಲ ಜೈನರು 1939ರಲ್ಲಿ ಪ್ರಕಟಿಸಿದಾಗ 93ನೆಯ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದವಿರಲಿಲ್ಲ. ಅಲ್ಲಿ ಆ ಪದವಿರಬೇಕೆಂದು ಸಂಪಾದಕರು ಊಹಿಸಿದ್ದರು. ಮೂಡಬಿದಿರೆಯ ಓಲೆಗರಿಯಲ್ಲಿ ನೋಡಲಾಗಿ ಪದವು ಇದ್ದಿತು. ಮಾನುಷಿಯರಿಗೆ ಸಂಯತರ ಗುಣಸ್ಥಾನವಿದೆಯೆಂದರೆ ಸ್ತ್ರೀಗೆ ಮಹಾವ್ರತವೂ ಮೋಕ್ಷವೂ ಇದೆಯೆಂದಾಗುವುದಿಲ್ಲವೇ ಎಂದು ದೊಡ್ಡ ವಿವಾದವೆದ್ದಿತು. ಆಗಮಗಳನ್ನು ತಾಮ್ರಪಟದಲ್ಲಿ ಕೊರೆಯಿಸಿ ರಕ್ಷಿಸಲು ಪ್ರೇರಣೆಯಿತ್ತ ಆಚಾರ್ಯ ಶಾಂತಿಸಾಗರರು ಇದೇ ಸೀಮೆಯವರು. ಅವರ ಮನೆತನ ನಿಪ್ಪಾಣಿಯ ಬಳಿಯ ಭೋಜ ಗ್ರಾಮದ್ದು. ಆ ತಾಮ್ರಪಟದಲ್ಲಿ ಈ ಪದವಿರಬೇಕೇ ಬೇಡವೇ ಎಂಬ ಚರ್ಚೆಯೂ ನಡೆಯಿತು. ಮಾನುಷಿಯೆಂದರೆ ಇಲ್ಲಿ ಭಾವಸ್ತ್ರೀ, ದೇಹದಿಂದ ಪುರುಷನೇ, ಎಂಬ ಧವಲಾಕಾರನ ಅರ್ಥವೇ ದಿಗಂಬರ ಪಂಡಿತರಿಗೆ ಆಸರೆಯಾಯಿತು. ಸ್ತ್ರೀಮುಕ್ತಿಯನ್ನು ನಿರಾಕರಿಸಲು ಬಳಸಿದ ಈ ವಾದದಿಂದಲೇ ಇನ್ನೊಂದು ಮಾತೂ ಸಿದ್ಧವಾಗುತ್ತದೆ: ಕುಳ್ಳಿನ ಬೆಂಕಿಯು ಗಂಡಸಿನ ದೇಹದಲ್ಲಿಯೂ ಉರಿಯಬಲ್ಲುದು.

ಸ್ತ್ರೀಮುಕ್ತಿಯ ಪ್ರಸಂಗ ಬಂದಾಗ ಯಾಪನೀಯ ಸಂಘವನ್ನು ನೆನೆಯದಿರಲಾಗದು. ಆ ಸಂಘದ ಕುರುಹುಗಳನ್ನು ದೂರ ಹುಡುಕಬೇಕಾಗಿಯೂ ಇಲ್ಲ. ಸದಲಗೆಯ ನೆರೆಯ ಏಕಸಂಬೆಯಲ್ಲಿ ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಲಣನು ನೇಮಿನಾಥ ಬಸದಿಯನ್ನು ಕಟ್ಟಿಸಿದನು. ರಾಯಬಾಗದ ಸೀಮೆಯನ್ನೂ ಆಳುತ್ತಿದ್ದ ರಟ್ಟರ ವಂಶದ ಕಾರ್ತವೀರ್ಯನು ಅಲ್ಲಿಗೆ ಬಂದು, ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ವಿಜಯಕೀರ್ತಿಗೆ ದತ್ತಿ ಬಿಟ್ಟುದನ್ನು 1165ರ ಶಾಸನ ತಿಳಿಸುತ್ತದೆ. ಮೊದಲು ಅಥಣಿ ತಾಲೂಕಿಗೆ ಸೇರಿದ್ದ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನವು ಅದೇ ಸಂಘದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರರನ್ನು ಹೆಸರಿಸುತ್ತದೆ. ಯಾಪನೀಯರ ಹೆಸರು ಕೊನೆಕೊನೆಗೆ ಕಾಣಸಿಗುವ ಲೇಖಗಳಲ್ಲಿ ಇದೊಂದು. ನಗ್ನತ್ವದಲ್ಲಿ ದಿಗಂಬರರಂತೆಯೂ ಸ್ತ್ರೀಮುಕ್ತಿಯ ವಿಷಯದಲ್ಲಿ ಶ್ವೇತಾಂಬರರಂತೆಯೂ ಇದ್ದ ಈ ಸಂಘದ ಬಸದಿಗಳು ಮುಂದೆ ದಿಗಂಬರ ಬಸದಿಗಳಾಗಿಯೇ ಮುಂದುವರಿದವು. ಜನರಿಗೆ ಭೇದ ಮರೆತುಹೋಯಿತು.

ಯಾಪನೀಯರ ಪಕ್ಷವನ್ನು ಶಾಸ್ತ್ರೀಯವಾಗಿ ನಿಲ್ಲಿಸಿದವನು ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಪಾಲ್ಯಕೀರ್ತಿ. ಅವನ ‘ಸ್ತ್ರೀನಿರ್ವಾಣ ಪ್ರಕರಣ’ವನ್ನು ಮುನಿ ಜಂಬೂವಿಜಯರು 1974ರಲ್ಲಿ ಶುದ್ಧಪಾಠದೊಡನೆ ಹೊರತಂದರು. ಸ್ತ್ರೀಯರಲ್ಲಿ ಮಾಯೆ ಮೊದಲಾದ ದೋಷಗಳಿರುವುದರಿಂದ ಅವರಿಗೆ ನಿರ್ವಾಣವಿಲ್ಲವೆಂಬ ಆಕ್ಷೇಪಕ್ಕೆ ಆತನ ಉತ್ತರ ಸಂಕ್ಷಿಪ್ತ: ಅವು ಪುರುಷರಲ್ಲಿಯೂ ಇವೆ. ಇದಕ್ಕಿಂತಲೂ ವಿಸ್ತಾರವಾದ ಉತ್ತರವು ಶಿವಾರ್ಯನ ಭಗವತೀ ಆರಾಧನೆಯಲ್ಲಿ ಸಿಗುತ್ತದೆ. ಶಿವಾರ್ಯನೂ ಯಾಪನೀಯನಿರಬೇಕೆಂಬುದು ಹಲವು ವಿದ್ವಾಂಸರ ಮತ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಆ ಗ್ರಂಥದ ಗಾಥೆಗಳಿಂದಲೇ ಬೆಳೆದವು. ಬ್ರಹ್ಮಚರ್ಯದ ಉಪದೇಶದಲ್ಲಿ ಶಿವಾರ್ಯನು ಸ್ತ್ರೀದೋಷಗಳನ್ನು ಗಾಥೆಯ ಮೇಲೆ ಗಾಥೆಯಾಗಿ ಎಣಿಸುತ್ತಾನೆ. ಓದುವವರಿಗೆ ಬೇಸರ ಬರುವಷ್ಟು. ಅಷ್ಟಾದ ಮೇಲೆ ಇದ್ದಕ್ಕಿದ್ದಂತೆ ಮಾತಿನ ದಿಕ್ಕು ತಿರುಗುತ್ತದೆ. ಸ್ತ್ರೀಯರಲ್ಲಿ ಹೇಳಿದ ದೋಷಗಳು ನೀಚ ಪುರುಷರಲ್ಲಿಯೂ ಇವೆ. ಬಲವೂ ಶಕ್ತಿಯೂ ಇರುವುದರಿಂದ ಅವರಲ್ಲಿ ಇನ್ನೂ ಹೆಚ್ಚು. ಶೀಲವನ್ನು ಕಾಯುವ ಪುರುಷರಿಗೆ ಸ್ತ್ರೀಯರು ಹೇಗೆ ನಿಂದ್ಯರೋ, ಶೀಲವನ್ನು ಕಾಯುವ ಸ್ತ್ರೀಯರಿಗೆ ಪುರುಷರು ಹಾಗೆಯೇ ನಿಂದ್ಯರು. ಮೋಹದ ಉದಯವು ಇಬ್ಬರಿಗೂ ಸಾಮಾನ್ಯ. ಉದ್ಧರಣೆಗಾಗಿ ದೋಷದ ಗಾಥೆಗಳನ್ನು ಮಾತ್ರ ಆಯ್ದುಕೊಂಡವರು ಈ ಗಾಥೆಗಳ ಹತ್ತಿರ ಬರುವ ಮೊದಲೇ ಪುಟ ಮಗುಚಿದಂತೆ ತೋರುತ್ತದೆ.

ಈ ಹಿನ್ನೆಲೆಯಲ್ಲಿ ಯಶೋಧರನ ಕಥೆಯನ್ನು ಮತ್ತೊಮ್ಮೆ ನೋಡಬಹುದು. ಜೈನ ಸಾಹಿತ್ಯದಲ್ಲಿ ದಾಂಪತ್ಯದ ಅತೃಪ್ತಿಯನ್ನೂ ವಂಚನೆಯನ್ನೂ ಇಷ್ಟು ನಿರ್ಭಿಡೆಯಿಂದ ಎತ್ತಿಕೊಂಡ ಕಥೆ ಬೇರೊಂದಿಲ್ಲ. ಹರಿಭದ್ರನಲ್ಲಿ ರಾಣಿಯ ಹೆಸರು ನಯನಾವಳಿ. ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿದ ಹರಿಷೇಣನ ಬೃಹತ್ಕಥಾಕೋಶದಲ್ಲಿ ಇದೊಂದು ಕಥಾನಕ. 959ರ ಸೋಮದೇವನ ಯಶಸ್ತಿಲಕದಲ್ಲಿ ಮಹಾಚಂಪು. ಪುಷ್ಪದಂತನಲ್ಲಿ ಅಪಭ್ರಂಶ ಕಾವ್ಯ. ವಾದಿರಾಜನಲ್ಲಿ ಕಿರಿದಾದ ಸಂಸ್ಕೃತ ಕಾವ್ಯ. ವಾದಿರಾಜನನ್ನು ಅನುಸರಿಸಿ 1209ರಲ್ಲಿ ಜನ್ನನು ನಾಲ್ಕು ಅವತಾರಗಳ, ಬಹುಪಾಲು ಕಂದಪದ್ಯಗಳ ಕನ್ನಡ ಕಾವ್ಯವನ್ನು ಬರೆದನು. ಜೀವದಯಾಷ್ಟಮಿಯ ನೋಂಪಿಯ ಕಥೆಯಾಗಿಯೂ ಇದು ಬಳಕೆಗೆ ಬಂದಿತು.

ಕಥೆ ಸರ್ವವಿದಿತ. ಉಜ್ಜಯಿನಿಯ ಯಶೋಧರನೂ ರಾಣಿ ಅಮೃತಮತಿಯೂ ಸುಖವಾಗಿದ್ದರು. ಒಂದು ರಾತ್ರಿ ಅರಸನ ಪಕ್ಕದಲ್ಲಿದ್ದ ರಾಣಿಗೆ ಆನೆಲಾಯದ ಮಾವುತನ ಹಾಡು ಕೇಳಿಸಿತು, ಮನಸ್ಸು ಸೋತಿತು. ನೋಡಿ ಬಾ ಎಂದು ಕಳುಹಿದ ಕೆಳದಿ ಹಿಂದಿರುಗಿ ಬಂದು, ಆ ಅಷ್ಟಾವಂಕನು ಅತಿ ಕುರೂಪಿಯೆಂದು ಹೇಳಿ ಹಳಿದಳು. ಮೆಚ್ಚಿದ ಬಳಿಕ ರೂಪದ ವಿಚಾರವೇಕೆಂಬುದು ರಾಣಿಯ ವಾದದ ಸಾರ. ಬಳಿಕ ರಾತ್ರಿಯ ಭೇಟಿಗಳು. ಅರಸನಿಗೆ ಸಂಶಯ ಬಂದು, ನಿದ್ರಿಸಿದಂತೆ ಮಲಗಿದ್ದು, ಕತ್ತಿ ಹಿಡಿದು ಹಿಂಬಾಲಿಸಿದನು. ತಡವಾಗಿ ಬಂದಳೆಂದು ಮಾವುತನು ಆಕೆಯನ್ನು ಹೊಡೆದುದನ್ನೂ, ಆಕೆ ಅವನನ್ನು ಸಂತೈಸಿ ತನಗೆ ಅವನ ಹೊರತು ಬೇರೆ ಗಂಡಸಿಲ್ಲವೆಂದುದನ್ನೂ ಮರೆಯಲ್ಲಿ ನಿಂತು ಕೇಳಿದನು. ಕತ್ತಿಯೆತ್ತಿದವನು ಕೈತಡೆದು ಹಿಂದಿರುಗಿ ಬಂದು ಮೊದಲಿನಂತೆಯೇ ಮಲಗಿದನು. ಆಕೆಯೂ ಬಂದು ಮಲಗಿದಳು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಈ ಕಥೆಯನ್ನು ಹೇಳುತ್ತಿರುವವನು ಯಾರೆಂಬುದು. ಚಂಡಮಾರಿಯ ಮುಂದೆ ಬಲಿಗೆಂದು ತಂದ ಅಭಯರುಚಿಯು ಮಾರಿದತ್ತನಿಗೆ ತನ್ನ ಹಿಂದಿನ ಭವಗಳನ್ನು ಹೇಳುತ್ತಿದ್ದಾನೆ. ಅಭಯರುಚಿಯೇ ಹಿಂದಿನ ಯಶೋಧರ. ಆದುದರಿಂದ ರಾಣಿಯ ಕಾಮ, ಅತೃಪ್ತಿ, ಮಾಯೆ ಎಲ್ಲವೂ ಗಂಡನ ಸಾಕ್ಷ್ಯದಿಂದ ತಿಳಿದವು. ಮಾವುತನ ಹಾಡು ಕೇಳುವ ಮೊದಲು ಆಕೆಗೆ ಯಶೋಧರನಲ್ಲಿ ತೃಪ್ತಿಯಿತ್ತೇ ಎಂಬುದಕ್ಕೆ ಕಾವ್ಯದಲ್ಲಿ ಗಂಡನ ಸುಖದ ವರ್ಣನೆಯ ಹೊರತು ಬೇರೆ ಉತ್ತರವಿಲ್ಲ. ತಾನು ಸುಖಿಯಾಗಿದ್ದುದರಿಂದ ಆಕೆಯೂ ಸುಖಿಯೆಂದು ಅರಸನು ತಿಳಿದಿದ್ದನು. ಹುಲ್ಲಿನ ಬೆಂಕಿಗೆ ಕುಳ್ಳಿನ ಬೆಂಕಿಯ ಸಮಾಚಾರ ತಿಳಿಯದು.

ಎರಡನೆಯದು, ಸತ್ಯವು ಎಲ್ಲಿ ನುಡಿಯಲ್ಪಟ್ಟಿತೆಂಬುದು. ಅಮೃತಮತಿಯು ತನ್ನ ಮನಸ್ಸನ್ನು ಮುಚ್ಚದೆ ಹೇಳಿದುದು ಎರಡು ಕಡೆ: ಕೆಳದಿಯ ಮುಂದೆ ಮತ್ತು ಆನೆಲಾಯದಲ್ಲಿ. ಅಂತಃಪುರದ ಶಯ್ಯೆಯಲ್ಲಿ ಅಲ್ಲ. ಅದೇ ಶಯ್ಯೆಯಲ್ಲಿ ಅರಸನೂ ಸತ್ಯವನ್ನು ನುಡಿಯಲಿಲ್ಲ. ಆಕೆ ನಿದ್ರಿಸುವಂತೆ ನಟಿಸಿದಳು, ಅವನೂ ನಟಿಸಿದನು. ಮರುದಿನ ಅವನು ವಿನೋದದ ನೆವದಿಂದ ನೈದಿಲೆಯೊಂದರಿಂದ ಆಕೆಯನ್ನು ಹೊಡೆದನು. ಆಕೆ ಮೂರ್ಛೆಹೋದವಳಂತೆ ಬಿದ್ದಳು. ಹಿಂದಿನ ರಾತ್ರಿ ಮಾವುತನ ಹೊಡೆತವನ್ನು ಸಹಿಸಿದವಳು ಹೂವಿನ ಹೊಡೆತಕ್ಕೆ ಸಾಯುವಂತಾದಳೆಂಬ ವ್ಯಂಗ್ಯದ ಹೊರತು ಅವನ ಬಾಯಿಂದ ಬೇರೇನೂ ಬರಲಿಲ್ಲ. ತಾಯಿ ಚಂದ್ರಮತಿ ಮಗನ ಮುಖ ಬಾಡಿದುದನ್ನು ಕಂಡು ಕಾರಣ ಕೇಳಿದಾಗಲಂತೂ ನೇರವಾದ ಸುಳ್ಳು: ಕಂಡುದನ್ನು ಕೆಟ್ಟ ಕನಸೆಂದು ಹೇಳಿದನು. ಆ ಸುಳ್ಳಿನಿಂದಲೇ ಮುಂದಿನ ಅನರ್ಥವೆಲ್ಲ. ಕನಸಿನ ದೋಷಕ್ಕೆ ಶಾಂತಿಯಾಗಬೇಕೆಂದು ತಾಯಿ ಬಲಿಯನ್ನು ಹೇಳಿದಳು. ಅವನು ಒಪ್ಪದಿರಲು ಹಿಟ್ಟಿನ ಕೋಳಿಯಲ್ಲಿ ರಾಜಿಯಾಯಿತು. ಕತ್ತಿ ಬೀಳುವಾಗ ಹಿಟ್ಟಿನ ಕೋಳಿ ಕೂಗಿತು. ರಾಜ್ಯವನ್ನು ಮಗ ಯಶೋಮತಿಗೆ ಕೊಟ್ಟು ತಪಸ್ಸಿಗೆ ಹೋಗುವೆನೆಂದು ಅರಸನು ಹೊರಟಾಗಲೂ ರಾಣಿಯೊಡನೆ ನಿಜವಾದ ಕಾರಣವನ್ನು ಆಡಲಿಲ್ಲ. ಅವನಿಗೆ ಎಲ್ಲವೂ ತಿಳಿದಿದೆಯೆಂದು ಆಕೆ ಊಹಿಸಿದಳೆಂದೇ ಓದುಗನು ತಿಳಿಯಬೇಕಾಗುತ್ತದೆ. ಔತಣಕ್ಕೆ ಕರೆದು ಅತ್ತೆಗೂ ಗಂಡನಿಗೂ ವಿಷವಿಕ್ಕಿದಳು.

ರಾಣಿಯ ಅಪರಾಧವನ್ನು ಕಡಮೆ ಮಾಡುವುದು ಇಲ್ಲಿಯ ಉದ್ದೇಶವಲ್ಲ. ಎರಡು ಕೊಲೆಗಳು ಕೊಲೆಗಳೇ. ಆಕೆಗೆ ನರಕವೆಂದು ಕಾವ್ಯ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಯಶೋಧರನ ಪಾಲಿಗೆ ಬಂದ ಫಲವನ್ನೂ ನೋಡಬೇಕು. ಅವನೂ ಅವನ ತಾಯಿಯೂ ನವಿಲು, ನಾಯಿ, ಮುಳ್ಳುಹಂದಿ, ಹಾವು ಎಂದು ಮೊದಲಾಗಿ ಕೋಳಿಗಳವರೆಗೆ ತಿರ್ಯಗ್ಜನ್ಮಗಳಲ್ಲಿಯೇ ತೊಳಲಿದರು. ಇದು ಸಂಕಲ್ಪಹಿಂಸೆಯ ಫಲವೆಂಬುದು ಕವಿಗಳೆಲ್ಲರ ವಿವರಣೆ, ಸರಿಯಾದುದೇ. ಆದರೆ ತಿರ್ಯಂಚಾಯುಸ್ಸಿನ ಆಸ್ರವಕ್ಕೆ ಸೂತ್ರಕಾರನು ಆರನೆಯ ಅಧ್ಯಾಯದ 16ನೆಯ ಸೂತ್ರದಲ್ಲಿ ಕೊಟ್ಟಿರುವ ಕಾರಣ ಒಂದೇ ಶಬ್ದದ್ದು: ಮಾಯೆ. ಸಂಕಲ್ಪಹಿಂಸೆಗೂ ಮೊದಲು ಅಲ್ಲೊಂದು ಸುಳ್ಳಿತ್ತು. ಮಾಯೆಯು ಸ್ತ್ರೀಲಕ್ಷಣವೆಂದು ಕಾವ್ಯದುದ್ದಕ್ಕೂ ಹೇಳಿಸಿಕೊಂಡವಳು ರಾಣಿ; ಮಾಯೆಗೆ ಶಾಸ್ತ್ರವು ವಿಧಿಸಿದ ಗತಿ ಸಿಕ್ಕಿದ್ದು ಅರಸನಿಗೆ. ಜನ್ನನು ಇದನ್ನು ಉದ್ದೇಶಪೂರ್ವಕವಾಗಿ ಹೊಂದಿಸಿದನೆಂದು ಹೇಳಲು ಆಧಾರವಿಲ್ಲ. ಆದರೆ ತತ್ತ್ವಾರ್ಥಸೂತ್ರವನ್ನು ಬಲ್ಲ ಶ್ರೋತೃವಿಗೆ ಇದು ಹೊಳೆಯದಿರಲು ಸಾಧ್ಯವಿಲ್ಲ.

ಅರಸನು ಏನು ಮಾಡಬಹುದಾಗಿತ್ತು? ಶ್ರಾವಕಾಚಾರವು ಈ ವಿಷಯದಲ್ಲಿ ಮೌನವಾಗಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ವೆಂಬುದೊಂದು. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಹೊರಗೆ ಪ್ರಕಟಿಸುವುದೇ ಅದೆಂದು ಪೂಜ್ಯಪಾದನ ವ್ಯಾಖ್ಯೆ. ಎಂದರೆ ಶಯ್ಯಾಗೃಹದ ವಿಷಯವನ್ನು ಮೂರನೆಯವರ ಮುಂದೆ, ಅದು ನಿಜವೇ ಆಗಿದ್ದರೂ, ಇಡುವಂತಿಲ್ಲ. ತಾಯಿಗೆ ಹೇಳಲು ಯಶೋಧರನು ನಾಚಿದುದಕ್ಕೆ ಈ ನಿಯಮ ಸಮರ್ಥನೆಯಾಗಬಹುದು. ಆದರೆ ಹೊರಗೆ ಗೋಪ್ಯವನ್ನು ವಿಧಿಸಿದ ಶಾಸ್ತ್ರವು ಒಳಗೆ, ಗಂಡಹೆಂಡಿರ ನಡುವೆ, ಸುಳ್ಳಿಗೆ ಎಲ್ಲಿಯೂ ಅನುಮತಿ ಕೊಟ್ಟಿಲ್ಲ. ಅವನು ಮಾಡಿದುದು ಇದರ ವಿಪರ್ಯಾಸ: ಹೆಂಡತಿಯೊಡನೆ ಆಡಬೇಕಾದ ಮಾತನ್ನು ಆಡದೆ ಮುಚ್ಚಿದನು, ತಾಯಿಯ ಮುಂದೆ ಸುಮ್ಮನಿರಬೇಕಾದಲ್ಲಿ ಕನಸು ಕಟ್ಟಿದನು.

ನಾಲ್ಕನೆಯ ಅಣುವ್ರತದ ಹೆಸರೂ ಇಲ್ಲಿ ಚಿಂತನೀಯ. ಸಮಂತಭದ್ರನು ಅದನ್ನು ಪರದಾರನಿವೃತ್ತಿಯೆಂದೂ ಸ್ವದಾರಸಂತೋಷವೆಂದೂ ಕರೆದಿದ್ದಾನೆ. ತನ್ನ ಹೆಂಡತಿಯಲ್ಲಿ ತೃಪ್ತನಾಗಿರುವುದು ವ್ರತ. ಕಾಮತೀವ್ರಾಭಿನಿವೇಶವೂ ಅನಂಗಕ್ರೀಡೆಯೂ ಅದರ ಅತಿಚಾರಗಳು. ವ್ರತದ ಹೆಸರು ಗಂಡನ ಕಡೆಯಿಂದ ಕಟ್ಟಲ್ಪಟ್ಟಿದೆ. ಸಂತೋಷವು ಅವನದು, ದಾರೆಯು ಅದರ ವಿಷಯ. ಆಕೆಗೂ ಸಂತೋಷವಿರಬೇಕಲ್ಲವೇ ಎಂಬ ಪ್ರಶ್ನೆ ಆ ಸಮಾಸದೊಳಗೆ ಏಳುವುದಿಲ್ಲ. ವಾತ್ಸ್ಯಾಯನನು ಕೇಳಿದುದನ್ನು ಶ್ರಾವಕಾಚಾರಕಾರರು ಕೇಳಲಿಲ್ಲ. ಅವರ ಲಕ್ಷ್ಯ ಸುಖದ ಸಮತೆಯಲ್ಲಿರದೆ ಬೆಂಕಿಯ ಶಮನದಲ್ಲಿತ್ತು. ಇದನ್ನು ನ್ಯೂನತೆಯೆಂದು ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಆದರೂ ಕರ್ಮಗ್ರಂಥಗಳಲ್ಲಿ ಎರಡು ಬೆಂಕಿಗಳ ಭೇದವನ್ನು ಅಷ್ಟು ಸ್ಪಷ್ಟವಾಗಿ ಬರೆದಿಟ್ಟವರು, ಒಂದರ ಸಂತೋಷವನ್ನು ಮಾತ್ರ ವ್ರತದ ಹೆಸರಾಗಿ ಉಳಿಸಿಕೊಂಡುದು ವಿಚಿತ್ರವಾಗಿಯೇ ತೋರುತ್ತದೆ.

ಜನ್ನನ ಕಾವ್ಯದಲ್ಲಿ ಗಂಡಹೆಂಡಿರು ಆಡದೆಹೋದ ಮಾತನ್ನು ಅವರಿಂದ ಆಡಿಸಲು ಕನ್ನಡವು ಬಹುಕಾಲ ಕಾಯಬೇಕಾಯಿತು. 1980ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಯು ಜೈನಳು, ಅರಸನು ಆಕೆಗಾಗಿ ಜೈನನಾದವನು. ಒಂದು ರಾತ್ರಿಯಲ್ಲಿ ಅವರಿಬ್ಬರೂ ಮುಖಾಮುಖಿಯಾಗುತ್ತಾರೆ. ಪರಂಪರೆಯ ಕಥೆಯನ್ನು ಬಲ್ಲವರಿಗೆ ಅಲ್ಲಿಯ ಮಾರ್ಪಾಡುಗಳು ಒಪ್ಪಿಗೆಯಾಗದಿರಬಹುದು. ಆದರೆ ನಾಟಕಕಾರರು ಕೈಹಾಕಿದ ಸ್ಥಳ ಸರಿಯಾದುದು: ಮೂಲದಲ್ಲಿ ಇಬ್ಬರೂ ಕಣ್ಣುಮುಚ್ಚಿ ಎಚ್ಚರವಾಗಿ ಮಲಗಿದ್ದ ಆ ಶಯ್ಯೆ.

ಮೂಲ ಕಥೆಯಲ್ಲಿಯೂ ಯಶೋಧರನು ಕೊನೆಗೆ ಬಾಯಿಬಿಡುತ್ತಾನೆ. ಅನೇಕ ಜನ್ಮಗಳ ಬಳಿಕ, ಅಭಯರುಚಿಯಾಗಿ, ಬಲಿಗೆಂದು ತಂದವರ ನಡುವೆ ನಿಂತು, ಅಂದು ತಾಯಿಗೆ ಕನಸೆಂದು ಹೇಳಿದ್ದ ರಾತ್ರಿಯನ್ನು ಕಂಡಂತೆಯೇ ಹೇಳುತ್ತಾನೆ. ಅಂದಿನ ತಾಯಿಯು ಇಂದು ತಂಗಿ ಅಭಯಮತಿಯಾಗಿ ಪಕ್ಕದಲ್ಲಿ ನಿಂತು ಕೇಳುತ್ತಾಳೆ. ಪರಿಚಯವಿಲ್ಲದ ಅರಸ ಮಾರಿದತ್ತನು ಕೇಳುತ್ತಾನೆ. ಅಮೃತಮತಿ ಅಲ್ಲಿಲ್ಲ.